ಕಡಿಮೆ ಸೋಡಿಯಂ ಉಪ್ಪು: ಉಪ್ಸಾರಿಗೆ ಸೈ, ಅತ್ತೆಯ ತಟ್ಟೆಗೆ ಬೇಡ

ಮೈಸೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಈಗ ಉಪ್ಪಿಗೇ ಒಂದು ಸಾಲು ಇದೆ. ಪುಡಿ ಉಪ್ಪು, ಕಲ್ಲುಪ್ಪು, ಇಂದುಪ್ಪು, ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಕೊನೆಯಲ್ಲಿ ಹೃದಯದ ಚಿತ್ರ ಹಾಕಿರುವ ಕಡಿಮೆ ಸೋಡಿಯಂ ಉಪ್ಪು. ಈ ಕೊನೆಯ ಬಗೆಯಲ್ಲಿ ಎರಡು ಕಂಪನಿಯದು ತಂದು ಮಂಡ್ಯದ ನಮ್ಮ ಅಡುಗೆಮನೆಯಲ್ಲಿ ಬಳಸಿ ನೋಡಿದೆ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಹೆಸರಿಗಿಂತ ಪೊಟ್ಟಣದ ಹಿಂದಿನ ಅಂಕಿ ಮುಖ್ಯ, ಅದನ್ನು ಓದೋದು ಗೊತ್ತಾದರೆ ಯಾವ ಕಂಪನಿಯದಾದರೂ ನೀವೇ ತೂಗಿ ನೋಡಬಹುದು.

ನಮ್ಮ ಮನೆಯಲ್ಲಿ ಮೂರು ಜನ. ನಾನು, ನಮ್ಮೆಜಮಾನ್ರು, ಅತ್ತೆ. ಯಜಮಾನರಿಗೆ ಬಿಪಿ, ದಿನಾ ಅಮ್ಲೋಡಿಪಿನ್ ಮಾತ್ರೆ. ಅತ್ತೆಗೆ ಸಕ್ಕರೆ ಕಾಯಿಲೆ ಹಳೆಯದು, ಈಗ ಕಿಡ್ನಿಯೂ ಸೋತಿದೆ, ಕಿಡ್ನಿ ಹೇಗಿದೆ ಅಂತ ರಕ್ತ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಏರಿ ಕೂತಿದೆ. ಒಲೆ ಒಂದೇ, ಸಾರಿನ ಪಾತ್ರೆಯೂ ಒಂದೇ. ಇಂಥ ಮನೆಗೆ ಈ ಉಪ್ಪು ಆಗುತ್ತಾ ಇಲ್ವಾ ಅನ್ನೋದೇ ನನಗೆ ಬೇಕಾಗಿದ್ದ ಉತ್ತರ. ಅದು ಪೊಟ್ಟಣದ ಮುಂಭಾಗದಲ್ಲಿ ಸಿಗುವುದಿಲ್ಲ.

ಮೊದಲು ಒಳಗೆ ಏನಿದೆ ನೋಡೋಣ. ಮಾಮೂಲಿ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ನೂರು ಗ್ರಾಂ ಉಪ್ಪಿನಲ್ಲಿ ಸುಮಾರು 39 ಗ್ರಾಂ ಸೋಡಿಯಂ. ಬಿಪಿ ಏರಿಸೋದು ಅದೇ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಒಂದು ಪಾಲು ಸೋಡಿಯಂ ಕ್ಲೋರೈಡ್ ತೆಗೆದು ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ತುಂಬುತ್ತಾರೆ. ನಾನು ತಂದ ಮೊದಲನೆಯದರಲ್ಲಿ ಸೋಡಿಯಂ 15 ಪರ್ಸೆಂಟ್ ಕಡಿಮೆ. ಎರಡನೆಯದರಲ್ಲಿ 30 ಪರ್ಸೆಂಟ್. ಎರಡಕ್ಕೂ ಅಯೋಡಿನ್ ಹಾಕಿದ್ದಾರೆ, ಅದು ಒಳ್ಳೇದೇ.

ಈಗ ನನ್ನ ತಕರಾರು. ಎರಡನೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ, "ತಗೊಳ್ಳಿ ಅಕ್ಕಾ, ಬಿಪಿ, ಶುಗರು, ಕಿಡ್ನಿ ಎಲ್ಲಾದಕ್ಕೂ ಒಳ್ಳೇದು" ಅಂದ. ಪಾಪ, ಅವನಿಗೆ ಯಾರೋ ಹೇಳಿಕೊಟ್ಟಿದ್ದು. ಆದರೆ ಆ ಪೊಟ್ಟಣದ ಹಿಂಭಾಗದಲ್ಲಿ, ಬಾರ್‌ಕೋಡಿನ ಪಕ್ಕ, ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಬಳಸಿ ಅಂತ ಬರೆದಿದೆ. ಮುಂದೆ ಕೆಂಪು ಹೃದಯ ಅಂಗೈ ಅಗಲ, ಹಿಂದೆ ಎಚ್ಚರಿಕೆ ಭೂತಕನ್ನಡಿ ಹಿಡಿದು ಓದಬೇಕು. ನಮ್ಮತ್ತೆಯಂಥವರು ಇಂಗ್ಲಿಷ್ ಓದುತ್ತಾರಾ? ಒಂದು ಸಾಲು ಕನ್ನಡದಲ್ಲಿ ಹಾಕೋಕೆ ಏನು ಗಂಟು ಹೋಗುತ್ತಿತ್ತು?

ಕಿಡ್ನಿಯವರಿಗೆ ಯಾಕೆ ಬೇಡ ಅನ್ನೋದು ಮಂಡ್ಯದವರಿಗೆ ಎಳನೀರಿನ ಕಡೆಯಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆ ಪಕ್ಕದಲ್ಲೇ ಇಟ್ಟುಕೊಂಡು ಬದುಕುವ ಜನ ನಾವು. ಜ್ವರಕ್ಕೆ, ಬಿಸಿಲಿಗೆ, ಉರಿಮೂತ್ರಕ್ಕೆ, ಎಲ್ಲದಕ್ಕೂ ಎಳನೀರೇ. ಅತ್ತೆಯನ್ನು ಮೈಸೂರಿನಲ್ಲಿ ಕಿಡ್ನಿ ಡಾಕ್ಟರ ಹತ್ತಿರ ತೋರಿಸಿದಾಗ ಅವರು ಮೊದಲು ನಿಲ್ಲಿಸಿದ್ದು ಅದನ್ನೇ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಆರೋಗ್ಯವಾಗಿರುವ ಕಿಡ್ನಿ ಹೆಚ್ಚಾದ ಪೊಟ್ಯಾಸಿಯಮ್ಮನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸೋತ ಕಿಡ್ನಿಗೆ ಆ ಕೆಲಸ ಆಗುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರಬೇಕು. ಅದು ತುಂಬಾ ಏರಿದರೆ ಹೃದಯದ ಬಡಿತದ ತಾಳವೇ ತಪ್ಪುತ್ತದೆ, ಹೃದಯ ನಿಂತೂ ಹೋಗಬಹುದು. ಅದಕ್ಕೆ ಮುಂಚೆ ನೋವು ಗೀವು ಏನೂ ಕಾಣಿಸದೆಯೂ ಇರಬಹುದು.

ಇನ್ನು ಲೆಕ್ಕ ಹಾಕಿ. ಮೂವತ್ತು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ದಿನಕ್ಕೆ 5 ಗ್ರಾಂ ತಿಂದರೆ ಹೆಚ್ಚುಕಮ್ಮಿ 780 ಮಿಲಿಗ್ರಾಂ ಪೊಟ್ಯಾಸಿಯಂ ಒಳಗೆ ಹೋಗುತ್ತದೆ. ಸುಮಾರು ಎರಡು ಬಾಳೆಹಣ್ಣಿನಷ್ಟು. ಎಳನೀರು ಬೇಡ, ಬಾಳೆಹಣ್ಣು ಕಡಿಮೆ ಮಾಡಿ ಅಂತ ಹೇಳಿಸಿಕೊಂಡ ಅತ್ತೆಗೆ ಸಾರಿನ ಮೂಲಕ ಅದನ್ನೇ ಬಡಿಸಿದ ಹಾಗಾಯಿತು, ಅಲ್ವಾ? ಕಿಡ್ನಿ ಚೆನ್ನಾಗಿದ್ದರೂ ಕೆಲವು ಬಿಪಿ ಮಾತ್ರೆ ನುಂಗುವವರು ಹುಷಾರಾಗಿರಬೇಕು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಇವೆಲ್ಲ ಪೊಟ್ಯಾಸಿಯಮ್ಮನ್ನು ದೇಹದಲ್ಲೇ ಉಳಿಸುವ ಕಡೆ ಎಳೆಯುತ್ತವೆ. ಈ ಮಾತ್ರೆ ತಗೊಳ್ಳುವವರು ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೋ. ಯಜಮಾನರದು ಆ ಗುಂಪಿನ ಮಾತ್ರೆ ಅಲ್ಲ. ಆದರೂ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡೂ ಪರೀಕ್ಷೆ ಮಾಡಿಸಿ, ಡಾಕ್ಟರು ಆಗಬಹುದು ಅಂದ ಮೇಲೇ ಪೊಟ್ಟಣ ಒಡೆದೆ.

ಸರಿ, ಇಷ್ಟೆಲ್ಲ ಕಷ್ಟಪಟ್ಟು ಸೋಡಿಯಂ ಕಡಿಮೆ ಮಾಡೋದು ಯಾಕೆ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ದೇಹದೊಳಗೂ ನಡೆಯೋದು ಅದೇ. ಸೋಡಿಯಂ ಜಾಸ್ತಿಯಾದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳದಲ್ಲಿ ಹರಿಯುವ ದ್ರವ ಹೆಚ್ಚುತ್ತದೆ, ನಾಳದ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಬಿಟ್ಟು, ಉಳಿದದ್ದನ್ನು ವಾಪಸ್ ರಕ್ತಕ್ಕೆ ಸೇರಿಸುತ್ತವೆ. ಹೆಚ್ಚಾದ ಉಪ್ಪನ್ನು ಹೊರಗೆ ಹಾಕುವ ಜವಾಬ್ದಾರಿಯೂ ಅವುಗಳದ್ದೇ. ವರ್ಷಗಟ್ಟಲೆ ಒತ್ತಡ ಜಾಸ್ತಿ ಇದ್ದರೆ ಒಂದೊಂದು ಕಿಡ್ನಿಯಲ್ಲೂ ಇರುವ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳು ಹಾಳಾಗುತ್ತಾ ಬರುತ್ತವೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ಕಿಡ್ನಿ ಸೋತಷ್ಟೂ ಉಪ್ಪು ಹೊರಗೆ ಹೋಗುವುದು ಕಡಿಮೆ, ಬಿಪಿ ಇನ್ನೂ ಜಾಸ್ತಿ. ಅತ್ತ ಹೃದಯ ಅಷ್ಟು ಒತ್ತಡದ ಎದುರು ರಕ್ತ ತಳ್ಳಿ ತಳ್ಳಿ ಅದರ ಎಡಗಡೆಯ ಗೋಡೆ ದಪ್ಪವಾಗುತ್ತದೆ, ಮುಂದೆ ಸುಸ್ತಾಗುತ್ತದೆ. ಸಂಜೆ ಹೊತ್ತಿಗೆ ಕಾಲು ಊದಿ, ಚಪ್ಪಲಿ ಬಾರಿನ ಗುರುತು ಪಾದದ ಮೇಲೆ ಹಾಗೇ ಉಳಿಯುತ್ತಲ್ಲ, ಅದು ಹೃದಯದಿಂದಲೂ ಇರಬಹುದು, ಕಿಡ್ನಿಯಿಂದಲೂ ಇರಬಹುದು.

ಕಿಡ್ನಿ ಸರಿಯಾಗಿರುವವರಿಗೆ ಪೊಟ್ಯಾಸಿಯಂ ಇದರ ಉಲ್ಟಾ ಕೆಲಸ ಮಾಡುತ್ತದೆ. ಸೋಡಿಯಮ್ಮನ್ನು ಮೂತ್ರಕ್ಕೆ ತಳ್ಳುತ್ತದೆ, ರಕ್ತನಾಳವನ್ನು ಸಡಿಲ ಬಿಡುತ್ತದೆ. ಹಾಗಾಗಿ ಈ ಉಪ್ಪಿನಿಂದ ಎರಡು ಕಡೆಯಿಂದ ಲಾಭ. ಇದು ಬರೀ ಜಾಹೀರಾತಿನ ಮಾತಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ. ಹಿಂದೆ ಸ್ಟ್ರೋಕ್ ಆಗಿದ್ದವರು, ಇಲ್ಲವೇ ಅರವತ್ತು ದಾಟಿ ಬಿಪಿ ಇದ್ದವರು. ಅರ್ಧ ಹಳ್ಳಿಗಳಿಗೆ 75 ಪಾಲು ಮಾಮೂಲಿ ಉಪ್ಪು, 25 ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಮಿಶ್ರಣ ಕೊಟ್ಟರು. ಐದು ವರ್ಷದ ಹತ್ತಿರ ಹತ್ತಿರ ನಡೆಸಿ, 2021ರಲ್ಲಿ ಫಲಿತಾಂಶ ಹೊರಗೆ ಬಿಟ್ಟರು. ಮಿಶ್ರಣ ತಿಂದವರಲ್ಲಿ ಸ್ಟ್ರೋಕ್ 14 ಪರ್ಸೆಂಟ್ ಕಡಿಮೆ, ಸಾವು 12 ಪರ್ಸೆಂಟ್ ಕಡಿಮೆ. ಉಪ್ಪಿನ ಡಬ್ಬಿ ಬದಲಾಯಿಸಿದ್ದಕ್ಕೆ ಇಷ್ಟು ಸಿಕ್ಕರೆ ಸಣ್ಣದೇನಲ್ಲ. ಆದರೆ ಕಿಡ್ನಿ ಕಾಯಿಲೆ ಜೋರಾಗಿ ಇದ್ದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಮನೆ ಉಪ್ಪಿನ ಬದಲು ಇಂಥ ಉಪ್ಪು ಬಳಸಬಹುದು ಅಂತ ಸಲಹೆ ಕೊಟ್ಟಾಗಲೂ ಗರ್ಭಿಣಿಯರು, ಮಕ್ಕಳು, ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟೇ ಹೇಳಿದೆ. ಅಂಗಡಿಯ ಆ ಹುಡುಗ ಹೇಳಿದ ಪಟ್ಟಿಯಲ್ಲಿ ಕಿಡ್ನಿ ಎಲ್ಲಿಂದ ಬಂತೋ!

ರುಚಿ ವಿಷಯಕ್ಕೆ ಬರೋಣ, ಎಲ್ಲರೂ ಕೇಳೋದು ಅದನ್ನೇ. 15 ಪರ್ಸೆಂಟಿನದು ಬಾಯಿಗೆ ಮಾಮೂಲಿ ಉಪ್ಪೇ. ಸಾಂಬಾರು, ಪಲ್ಯ, ಉಪ್ಪಿಟ್ಟು, ಚಪಾತಿ ಹಿಟ್ಟು, ಯಾವುದರಲ್ಲೂ ಯಜಮಾನರಿಗೆ ಗೊತ್ತಾಗಲಿಲ್ಲ. 30 ಪರ್ಸೆಂಟಿನದು ಬೇರೆ ಕಥೆ. ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟುಕೊಂಡರೆ ಮೊದಲು ಉಪ್ಪು, ಆಮೇಲೆ ಗಂಟಲ ಹತ್ತಿರ ಒಂಥರಾ ಒಗರು ಕಹಿ. ಖಾರ, ಹುಳಿ, ಮಸಾಲೆ ಇರುವ ಅಡುಗೆಯಲ್ಲಿ ಈ ಕಹಿ ಮುಳುಗಿಹೋಗುತ್ತದೆ. ಮಜ್ಜಿಗೆಯಲ್ಲಿ, ಮೊಸರನ್ನದಲ್ಲಿ ಎದ್ದು ಕಾಣುತ್ತದೆ. ಸೀಬೆಕಾಯಿ ಹೆಚ್ಚಿ ಉಪ್ಪು ಖಾರ ಸವರಿ ಕೊಟ್ಟೆ, ಯಜಮಾನರು ಒಂದು ಹೋಳು ಕಚ್ಚಿ, "ಕಾಯಿ ಕೆಟ್ಟೋಗದೆ" ಅಂದರು. ಕಾಯಿ ಚೆನ್ನಾಗೇ ಇತ್ತು. ಉಪ್ಪಿನಕಾಯಿಗೆ ನಾನು ಹಾಕಲಿಲ್ಲ, ವರ್ಷದ ಮಾವಿನಕಾಯಿ ಮೇಲೆ ಪ್ರಯೋಗ ಮಾಡುವಷ್ಟು ಧೈರ್ಯ ನನಗಿಲ್ಲ.

ಉಪ್ಪು ಸ್ವಲ್ಪ ಕಡಿಮೆ ಅನಿಸಿತು ಅಂತ ಇನ್ನೊಂದು ಚಿಟಿಕೆ, ಮತ್ತೊಂದು ಚಿಟಿಕೆ ಹಾಕುತ್ತಾ ಹೋದರೆ ಕಡಿಮೆಯಾದ ಸೋಡಿಯಂ ಅಲ್ಲೇ ವಾಪಸ್ ಬಂತು. 15 ಪರ್ಸೆಂಟಿನದರಲ್ಲಿ ಇದು ಬಹಳ ಬೇಗ ಆಗಿಬಿಡುತ್ತದೆ. ಕೈಯಳತೆ ಬಿಟ್ಟು ಚಮಚ ಹಿಡಿದರೆ ಮಾತ್ರ ಈ ಉಪ್ಪಿಗೆ ಕೊಟ್ಟ ದುಡ್ಡು ದಕ್ಕುತ್ತದೆ.

ಇನ್ನು ಉಪ್ಸಾರು. ಇದನ್ನು ದಾಟದೆ ಮಂಡ್ಯದಲ್ಲಿ ಯಾವ ಉಪ್ಪಿನ ಪರೀಕ್ಷೆಯೂ ಮುಗಿಯುವುದಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಒಂದು ಕಡೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಹಾಕಿ ರುಬ್ಬಿದ ಖಾರ ಇನ್ನೊಂದು ಕಡೆ. ತಟ್ಟೆಯಲ್ಲಿ ಬಿಸಿ ಮುದ್ದೆ, ಅದರ ಪಕ್ಕ ಖಾರ, ಮೇಲೆ ಕಟ್ಟು ಸುರಿದು ಕಲಸಿಕೊಂಡು ಉಣ್ಣೋದು. ನಮ್ಮ ಕಡೆ ಮುದ್ದೆಗೆ ಉಪ್ಪು ಹಾಕೋದಿಲ್ಲ, ಅದಕ್ಕೇ ಸಾರಿಗೂ ಖಾರಕ್ಕೂ ಧಾರಾಳವಾಗಿ ಬೀಳುತ್ತದೆ. ನಾನು ಮಾಡಿದ್ದಿಷ್ಟು. ಬೇಯಿಸುವಾಗ ಪಾತ್ರೆಗೆ ಉಪ್ಪೇ ಹಾಕಲಿಲ್ಲ. ಖಾರವನ್ನು ಉಪ್ಪಿಲ್ಲದೆ ರುಬ್ಬಿ ಎರಡು ಬಟ್ಟಲಿಗೆ ಹಂಚಿದೆ. ಯಜಮಾನರ ಬಟ್ಟಲಿಗೆ 30 ಪರ್ಸೆಂಟಿನ ಉಪ್ಪು, ಅತ್ತೆಗೂ ನನಗೂ ಇರುವ ಬಟ್ಟಲಿಗೆ ಮಾಮೂಲಿ ಉಪ್ಪು ಅಳತೆ ಮಾಡಿ ಸ್ವಲ್ಪವೇ. ಖಾರದ ಹೊಡೆತಕ್ಕೆ ಕಹಿ ಎಲ್ಲಿ ಹೋಯಿತೋ ಪತ್ತೆ ಇಲ್ಲ. ಯಜಮಾನರು ಎರಡನೇ ಮುದ್ದೆ ಕೇಳಿದರು. ಈ ಉಪ್ಪು ಪೂರ್ತಿ ಪಾಸಾಗಿದ್ದು ಇದೊಂದೇ ಅಡುಗೆಯಲ್ಲಿ.

ಅತ್ತೆಯ ಕಡೆ ಮಾತ್ರ ಕೊಸರಾಟ. "ಸಪ್ಪಗದೆ ಕಣವ್ವ, ಉಪ್ಪು ಹಾಕ್ನಿಲ್ವಾ?" ಅಂದರು. ಅವರ ಮಟ್ಟಿಗೆ ಇನ್ನೊಂದು ತೊಡಕೂ ಇತ್ತು. ಪೊಟ್ಯಾಸಿಯಂ ಏರಿರುವ ಕಿಡ್ನಿ ರೋಗಿಗಳಿಗೆ ತರಕಾರಿ, ಸೊಪ್ಪು ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಅಂತ ಹೇಳುತ್ತಾರೆ, ಯಾಕಂದರೆ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ನಮ್ಮ ಉಪ್ಸಾರು, ಬಸ್ಸಾರು ಎರಡೂ ಆ ಬಸಿದ ನೀರಿನಿಂದಲೇ ಆಗೋದು! ಡಯಟೀಶಿಯನ್ ಚೆಲ್ಲಿ ಅನ್ನೋದೇ ನಮಗೆ ಊಟ. ಈಗ ಅತ್ತೆಗೆ ಬಸಿದ ಸೊಪ್ಪಿನ ಪಲ್ಯ ಬಡಿಸಿ, ಕಟ್ಟು ಒಂದು ಸಣ್ಣ ಸೌಟು, ಬಾಯಿರುಚಿಗೆ ಅಷ್ಟೇ. ಅವರು ಬೈಯುತ್ತಾರೆ. ಬೈದುಕೊಂಡೇ ಉಣ್ಣುತ್ತಾರೆ. ನಿಂಬೆಹಣ್ಣು ಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಜೋರು ಮಾಡಿದ ದಿನ ಬೈಗುಳ ಸ್ವಲ್ಪ ಕಡಿಮೆ.

ಪಕ್ಕದ ಸಾಲಿನಲ್ಲಿದ್ದ ಉಪ್ಪುಗಳ ಬಗ್ಗೆಯೂ ಒಂದು ಮಾತು. ಇಂದುಪ್ಪು, ಗುಲಾಬಿ ಉಪ್ಪು ಬಿಪಿಗೆ ಒಳ್ಳೇದು ಅಂತ ಮದುವೆ ಮನೆಗಳಲ್ಲಿ ಸಲಹೆ ಕೊಡುವವರು ಸಿಗುತ್ತಾರೆ. ಅವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣಕ್ಕೆ ದುಡ್ಡು ಕೊಡೋದಾದರೆ ಕೊಡಿ, ಬಿಪಿಗೆ ಅಂತ ಬೇಡ. ಎಷ್ಟೋ ಸಲ ಅದರಲ್ಲಿ ಅಯೋಡಿನ್ ಕೂಡ ಇರಲ್ಲ. ಕಲ್ಲುಪ್ಪಿನ ಕಥೆಯೂ ಅದೇ. ಹರಳು ದಪ್ಪ ಇರುವುದರಿಂದ ಚಮಚದಲ್ಲಿ ಸ್ವಲ್ಪ ಕಡಿಮೆ ಹಿಡಿಯುತ್ತದೆ, ತೂಕಕ್ಕೆ ತೂಕ ನೋಡಿದರೆ ಎಲ್ಲ ಒಂದೇ.

ನಿಮ್ಮ ಮನೆಯಲ್ಲಿ ಉಪ್ಪು ಜಾಸ್ತಿಯಾ ಅಂತ ತಿಳಿಯೋಕೆ ಲ್ಯಾಬ್ ಬೇಡ. ಒಂದು ಕೆ.ಜಿ. ಪೊಟ್ಟಣ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ ಮಟ್ಟಸವಾಗಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ಒಂದು ಕೆ.ಜಿ. 50 ದಿನ ಬರಬೇಕು. ತಿಂಗಳಿಗೇ ಖಾಲಿಯಾದರೆ ತಲೆಗೆ 8 ಗ್ರಾಂ ದಾಟಿತು ಅಂತ ಅರ್ಥ. 2017-18ರಲ್ಲಿ ದೇಶದಾದ್ಯಂತ ಮಾಡಿದ ಸಮೀಕ್ಷೆಯಲ್ಲಿ ಸಿಕ್ಕ ಸರಾಸರಿಯೂ 8 ಗ್ರಾಮೇ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರಾ, ಸಾಸ್ ಇವುಗಳಲ್ಲಿ ಬರೋದು ಈ ಕ್ಯಾಲೆಂಡರ್ ಲೆಕ್ಕಕ್ಕೆ ಸೇರುವುದಿಲ್ಲ. ಕಾಳು ಬೇಯೋಕೆ ಹಾಕುವ ಸೋಡಾದಲ್ಲೂ, ಹೊಟ್ಟೆ ಉಬ್ಬರಕ್ಕೆ ನೀರಿಗೆ ಹಾಕಿದರೆ ಬುಸ್ ಅನ್ನುವ ಪುಡಿಯಲ್ಲೂ ಸೋಡಿಯಂ ಇದೆ ಅನ್ನೋದನ್ನು ಬಿಪಿಯವರು ಮರೆಯಬಾರದು.

ಯಜಮಾನರ ಬಿಪಿ ಇಳಿಯಿತಾ? ಮನೆಯಲ್ಲಿ ತೋಳಿಗೆ ಕಟ್ಟುವ ಮೆಷಿನ್ ಇದೆ, ಬೆಳಿಗ್ಗೆ ನೋಡುತ್ತೇವೆ. ಮೊದಲಿಗಿಂತ ಸ್ವಲ್ಪ ಕೆಳಗಿದೆ. ಆದರೆ ಮಾತ್ರೆ ನಡೆಯುತ್ತಿದೆ, ವಾಕಿಂಗೂ ನಡೆಯುತ್ತಿದೆ, ಮೈಸೂರಿಗೋ ಬೆಂಗಳೂರಿಗೋ ರೈಲು ಹತ್ತಿದರೆ ಮದ್ದೂರು ವಡೆಯೂ ನಡೆಯುತ್ತಿದೆ. ಎಲ್ಲವನ್ನೂ ಉಪ್ಪಿನ ಲೆಕ್ಕಕ್ಕೆ ಬರೆಯೋಕೆ ನನಗೆ ಮನಸ್ಸಿಲ್ಲ. 2013ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ದಿನಕ್ಕೆ ಸುಮಾರು 4.4 ಗ್ರಾಂ ಉಪ್ಪು ಕಡಿಮೆ ಮಾಡಿದ ಬಿಪಿ ರೋಗಿಗಳಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿದಿತ್ತು. ನಿರೀಕ್ಷೆ ಅಷ್ಟರಲ್ಲೇ ಇರಲಿ. ಈ ಉಪ್ಪು ತಂದೆವು ಅಂತ ಮಾತ್ರೆ ಬಿಡುವ ಬುದ್ಧಿವಂತರೂ ಇದ್ದಾರೆ, ದಯವಿಟ್ಟು ಬಿಡಬೇಡಿ.

ಬೆಲೆ ನೋಡಿದರೆ 15 ಪರ್ಸೆಂಟಿನದು ಮಾಮೂಲಿ ಪುಡಿ ಉಪ್ಪಿಗಿಂತ ಒಂದಿಷ್ಟು ಜಾಸ್ತಿ, 30ರದ್ದು ಇನ್ನೂ ದುಬಾರಿ. ಆದರೂ ತಿಂಗಳ ಸಾಮಾನಿನ ಚೀಟಿಯಲ್ಲಿ ಉಪ್ಪಿನ ಖರ್ಚು ಎಷ್ಟಿರುತ್ತೆ, ಹೊರೆ ಅನಿಸುವುದಿಲ್ಲ. ಮಂಡ್ಯದಲ್ಲಿ ಎಲ್ಲ ಅಂಗಡಿಯಲ್ಲೂ ಸಿಗಲ್ಲ. ಮೊದಲನೆಯದು ನಮ್ಮ ಬೀದಿಯಲ್ಲೂ ಸಿಕ್ಕಿತು, ಎರಡನೆಯದಕ್ಕೆ ಮೈಸೂರಿಗೇ ಹೋಗಬೇಕಾಯಿತು. ಪೊಟ್ಟಣ ಒಡೆದ ಮೇಲೆ ಮುಚ್ಚಳ ಗಟ್ಟಿ ಇರುವ ಡಬ್ಬಿಗೆ ಸುರಿದು ಒಲೆಯಿಂದ ದೂರ ಇಡಿ. ಬಿಸಿ, ತೇವ ತಗುಲಿದರೆ ಅಯೋಡಿನ್ ಕಡಿಮೆಯಾಗುತ್ತದೆ. ಎರಡು ಬಗೆಯ ಉಪ್ಪು ಇಡುವ ಮನೆಯಲ್ಲಿ ಡಬ್ಬಿಗಳ ಬಣ್ಣ ಬೇರೆ ಇರಲಿ. ನಮ್ಮಲ್ಲಿ ಯಜಮಾನರದು ಹಸಿರು ಮುಚ್ಚಳ, ಅಡುಗೆಗೆ ಸಹಾಯಕ್ಕೆ ಬರುವ ನನ್ನ ತಂಗಿಗೂ ಅದನ್ನು ಹೇಳಿಟ್ಟಿದ್ದೇನೆ.

ನನ್ನ ಅಂಕ: 15 ಪರ್ಸೆಂಟಿನದಕ್ಕೆ ಐದರಲ್ಲಿ ಮೂರು. ರುಚಿಯಲ್ಲಿ ತಂಟೆ ಇಲ್ಲ, ಲಾಭವೂ ಅಷ್ಟಕ್ಕಷ್ಟೆ. 30ರದ್ದಕ್ಕೆ ನಾಲ್ಕು ಕೊಡಬೇಕು ಅನಿಸಿತ್ತು. ಬಾರ್‌ಕೋಡಿನ ಪಕ್ಕ ಬಚ್ಚಿಟ್ಟ ಆ ಎಚ್ಚರಿಕೆಗೆ ಒಂದು ಕಳೆದು ಮೂರೇ ಕೊಡುತ್ತೇನೆ. ನಾಳೆ ಅವರು ಅದನ್ನು ಕನ್ನಡದಲ್ಲಿ, ಹೃದಯದ ಚಿತ್ರದ ಕೆಳಗೇ ಹಾಕಿದರೆ ಕಳೆದದ್ದು ವಾಪಸ್.

30ರದ್ದು ಆಫರಿನಲ್ಲಿ ಒಂದಕ್ಕೆ ಒಂದು ಫ್ರೀ ಬಂದಿತ್ತು. ಒಡೆಯದ ಆ ಪೊಟ್ಟಣವನ್ನು ಎದುರು ಮನೆಯವರು ಕೇಳಿದ್ದಾರೆ, ಅವರ ಯಜಮಾನರಿಗೂ ಬಿಪಿ ಇದೆಯಂತೆ. ಯಾವ ಮಾತ್ರೆ ತಗೋತಾರೆ, ಕ್ರಿಯಾಟಿನಿನ್ ಎಷ್ಟಿದೆ, ಚೀಟಿ ನೋಡಿ ಹೇಳಿ, ಡಾಕ್ಟರನ್ನೂ ಒಂದು ಮಾತು ಕೇಳಿ, ಆಮೇಲೆ ಕೊಡ್ತೀನಿ ಅಂದಿದ್ದೇನೆ. ಒಂದು ಪೊಟ್ಟಣ ಉಪ್ಪಿಗೆ ಇಷ್ಟೊಂದು ಕೇಳ್ತಾಳಲ್ಲ ಅಂತ ಅವರಿಗೆ ಅನಿಸಿರಬಹುದು. ಅನಿಸಲಿ ಬಿಡಿ.